ಸುವರ್ಣ ಅನುಪಾತ: ಅಳತೆಯೂ ಅಂದವೂ



ಚಿತ್ರಕಲೆಯನ್ನು ಅಭ್ಯಸಿಸುತ್ತಿರುವ ನಮ್ಮ ನೆರೆಮನೆಯ ಹುಡುಗಿ ಕಳೆದ ತಿಂಗಳು ತಾನು ಬರೆದ ಚಿತ್ರವೊಂದನ್ನು ತಂದು ನನ್ನ ಮುಂದಿರಿಸಿದಳು. ತಲೆಬಾಗಿಲ ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿರುವ ಅವಳ ಅಜ್ಜಿಯ ಚಿತ್ರವದು. ಮುಖದ ಸುಕ್ಕುಗಳಲ್ಲಿಯೂ ಜೀವಕಳೆಯಿತ್ತು. ಆದರೆ ಬರೆದವಳ ಮುಖ ಬಾಡಿತ್ತು. “ಕಾಕಾ, ಇದನ್ನು ಹರಿದು ಹಾಕುತ್ತೇನೆ. ಅಜ್ಜಿ ಸುವರ್ಣ ಅನುಪಾತದ ಗೆರೆಯ ಮೇಲೆ ಬಾರದೆ ನಟ್ಟನಡುವೆ ಬಂದುಬಿಟ್ಟಿದ್ದಾಳೆ. ದೊಡ್ಡ ಕಲಾವಿದರಾರೂ ಆ ಅಳತೆಯನ್ನು ಮೀರಿಲ್ಲವಂತೆ” ಎಂದಳು. ಆ ಚಿತ್ರವನ್ನು ಉಳಿಸಿಕೊಳ್ಳುವ ಸಲುವಾಗಿ ನಾನು ಅವಳಿಗೆ ಹೇಳಿದ ಮಾತುಗಳನ್ನೇ ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಒಂದು ಗೆರೆಯನ್ನು ಎರಡು ಭಾಗ ಮಾಡಿದಾಗ, ಇಡೀ ಗೆರೆಗೂ ದೊಡ್ಡ ಭಾಗಕ್ಕೂ ಇರುವ ಪ್ರಮಾಣವೇ ದೊಡ್ಡ ಭಾಗಕ್ಕೂ ಚಿಕ್ಕ ಭಾಗಕ್ಕೂ ಇದ್ದರೆ ಅದು ಸುವರ್ಣ ಅನುಪಾತ. ಅದರ ಬೆಲೆ ಸುಮಾರು 1.618. ಗೋಡೆ 10 ಅಡಿ ಉದ್ದವಿದ್ದರೆ ಒಂದು ಭಾಗ 6 ಅಡಿ 2 ಅಂಗುಲ, ಇನ್ನೊಂದು 3 ಅಡಿ 10 ಅಂಗುಲದಷ್ಟಾಗುತ್ತದೆ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೇ ಇದನ್ನು ವಿವರಿಸಿದ್ದನು. ‘ಸುವರ್ಣ’ವೆಂಬ ಹೆಸರು ಮಾತ್ರ ಈಚಿನದು, ಜರ್ಮನಿಯ ಮಾರ್ಟಿನ್ ಓಮ್ 1835ರ ತಮ್ಮ ಗ್ರಂಥದಲ್ಲಿ ಅದನ್ನು ಬಳಸಿದರು.

ಮನೆಯ ಮಕ್ಕಳು ಇದನ್ನು ಕೈಯಿಂದಲೇ ಮಾಡಿ ನೋಡಬಹುದು. 10 ಸೆಂಟಿಮೀಟರಿನ ಚೌಕವೊಂದನ್ನು ಬರೆದು, ತಳದ ಗೆರೆಯ ಮಧ್ಯಬಿಂದುವಿನಲ್ಲಿ ಕೈವಾರದ ಮುಳ್ಳನ್ನೂರಿ, ಬಲಗಡೆಯ ಮೇಲಿನ ಮೂಲೆಯವರೆಗೆ ಅಗಲಿಸಬೇಕು. ಅಲ್ಲಿಂದ ಕಮಾನೆಳೆದು, ಬಲಕ್ಕೆ ಮುಂದುವರಿಸಿದ ತಳದ ಗೆರೆಗೆ ಮುಟ್ಟಿಸಿದರೆ ತಳವು 16.18 ಸೆಂಟಿಮೀಟರ್ ಆಗುತ್ತದೆ. ಆ ತಳದ ಮೇಲೆ ಪೂರ್ಣಗೊಳಿಸಿದ ಆಯತದಿಂದ ಚೌಕವನ್ನು ಕತ್ತರಿಸಿ ತೆಗೆದರೆ ಉಳಿದ ತುಂಡೂ ಅದೇ ಪ್ರಮಾಣದ ಚಿಕ್ಕ ಆಯತವೇ ಆಗಿರುವುದು ಈ ಅಳತೆಯ ಸೊಗಸು.

ಇಷ್ಟು ಸೊಗಸಾದ ವಿಷಯಕ್ಕೆ ಕಟ್ಟುಕತೆಗಳೂ ಸೇರಿಕೊಂಡಿವೆ. ಅಥೆನ್ಸಿನ ಪಾರ್ಥೆನಾನ್ ದೇಗುಲ ಈ ಅನುಪಾತದಲ್ಲಿದೆ ಎನ್ನುತ್ತಾರೆ. ಅದರ ಕಂಬಗಳು ನಿಂತಿರುವ ಜಗತಿಯ ಅಗಲ ಸುಮಾರು 30.9 ಮೀಟರ್, ಉದ್ದ 69.5 ಮೀಟರ್, ಅಂದರೆ 4ಕ್ಕೆ 9ರ ಪ್ರಮಾಣ. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದನ್ನು ನಮಗೆ ಬೇಕಾದಂತೆ ಆರಿಸಿಕೊಂಡರೆ 1.6 ಎಲ್ಲಿಯಾದರೂ ದೊರಕೀತು. ಲೂಕಾ ಪಾಚಿಯೋಲಿ ಈ ಅನುಪಾತವನ್ನು ಕುರಿತು ಬರೆದು 1509ರಲ್ಲಿ ವೆನಿಸ್ಸಿನಲ್ಲಿ ಪ್ರಕಟವಾದ ಗ್ರಂಥಕ್ಕೆ ಲಿಯೊನಾರ್ಡೊ ಡ ವಿಂಚಿ ಘನಾಕೃತಿಗಳ ಚಿತ್ರಗಳನ್ನು ಬರೆದುಕೊಟ್ಟಿದ್ದು ನಿಜ. ಆದರೆ ಮೋನಾ ಲೀಸಾ ಚಿತ್ರವನ್ನು ಈ ಅಳತೆಯಿಂದ ರಚಿಸಿದನೆಂಬುದಕ್ಕೆ ಅವನ ಬರಹಗಳಲ್ಲಿ ಆಧಾರ ದೊರೆತಿಲ್ಲ.

ತಿಳಿದೇ ಬಳಸಿದವರೂ ಇದ್ದಾರೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 183 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು ಆಧಾರವಾಗಿಟ್ಟುಕೊಂಡು, ಹೊಕ್ಕುಳಿನ ಎತ್ತರ 113 ಎಂದು ಗಣಿಸಿ, ‘ಮಾಡ್ಯುಲರ್’ ಎಂಬ ಅಳತೆಯ ಕ್ರಮವನ್ನು ರೂಪಿಸಿದರು. ಚಂಡೀಗಢದ ಕಟ್ಟಡಗಳಲ್ಲಿಯೂ ಅದನ್ನು ಬಳಸಿದರು. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಆರಡಿಯ ಪುರುಷನಿಗೆ ಹೊಂದುವ ಅಳತೆಯಲ್ಲಿ ಅಡುಗೆಮನೆಯ ಮಾಡು ಮಾಡಿಸಿದರೆ ಐದಡಿಯ ತಾಯಿಗೆ ಅದು ನಿಲುಕುವುದೇ?

ಇನ್ನು ಸಾಲ್ವಡಾರ್ ಡಾಲಿ 1955ರಲ್ಲಿ ಪೂರ್ಣಗೊಳಿಸಿದ, ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಯೇಸುವಿನ ಕೊನೆಯ ಭೋಜನದ ಚಿತ್ರ. ಅದರ ಅಗಲ ಸುಮಾರು 267 ಸೆಂಟಿಮೀಟರ್, ಎತ್ತರ 167. ಹೆಚ್ಚುಕಡಿಮೆ ಸುವರ್ಣ ಆಯತವೇ. ಹಿನ್ನೆಲೆಯಲ್ಲಿ ಪಂಚಭುಜಗಳಿಂದಾದ ಹನ್ನೆರಡು ಮುಖಗಳ ಬೃಹತ್ ಆಕೃತಿಯಿದೆ; ಸಮ ಪಂಚಭುಜದ ಕರ್ಣಕ್ಕೂ ಬಾಹುವಿಗೂ ಇರುವುದು ಇದೇ ಅನುಪಾತ. ಅಳತೆಗೆ ಇಷ್ಟೊಂದು ಮನಸೋತ ಆ ಕಲಾವಿದ ಯೇಸುವನ್ನು ಎಲ್ಲಿ ಕೂರಿಸಿದ್ದಾನೆ? ಚಿತ್ರದ ನಟ್ಟನಡುವೆ! ನೋಟ ಅಲ್ಲಿಯೇ ನೆಲೆಗೊಳ್ಳಬೇಕಾಗಿತ್ತು, ಅದಕ್ಕಾಗಿ.

ಇದನ್ನು ಕೇಳಿ ಹುಡುಗಿ ಕೊಂಚ ಹೊತ್ತು ಸುಮ್ಮನಿದ್ದು, “ಹಾಗಾದರೆ ಈ ಅನುಪಾತದಿಂದ ಉಪಯೋಗವಿಲ್ಲವೇ?” ಎಂದು ಕೇಳಿದಳು. ಖಂಡಿತ ಇದೆ. ಛಾಯಾಚಿತ್ರ ತೆಗೆಯುವಾಗ, ಆಮಂತ್ರಣ ಪತ್ರಿಕೆಯ ಅಕ್ಷರಗಳನ್ನು ಜೋಡಿಸುವಾಗ, ಯಾವುದನ್ನು ಎಲ್ಲಿಡಬೇಕೆಂದು ತೋಚದಿದ್ದಲ್ಲಿ ಇದು ಒಳ್ಳೆಯ ಆರಂಭ. ಒಂದು ಪಕ್ಕದಲ್ಲಿ ವಿಷಯ, ಇನ್ನೊಂದು ಪಕ್ಕದಲ್ಲಿ ಬಿಡುವು ದೊರೆತು ಕಣ್ಣಿಗೆ ಹಿತವಾಗಬಹುದು. ಇಟ್ಟು ನೋಡಬೇಕು, ಹೊಂದದಿದ್ದರೆ ಸರಿಸಬೇಕು.

ವಾರದ ಬಳಿಕ ಅವಳು ಅದೇ ದೃಶ್ಯವನ್ನು ಅಳತೆಗೆ ಹೊಂದಿಸಿ ಇನ್ನೊಮ್ಮೆ ಬರೆದು ತಂದಳು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದೆವು. ಹೊಸದರಲ್ಲಿ ಅಂಗಳದ ಬಿಸಿಲು ಚೆನ್ನಾಗಿ ಮೂಡಿತ್ತು, ಹಳೆಯದರಲ್ಲಿ ಅಜ್ಜಿ. ಯಾವುದನ್ನು ಇಟ್ಟುಕೊಳ್ಳಬೇಕೆಂದು ನಾನು ಹೇಳಬೇಕಾಗಲಿಲ್ಲ. ಹಳೆಯದಕ್ಕೆ ಈಗ ಕಟ್ಟು ಹಾಕಿಸಿದ್ದಾರೆ.

ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೇ: ಮಕ್ಕಳಿಗೆ ಅಳತೆಯನ್ನು ಕಲಿಸಿರಿ, ಕೈವಾರವನ್ನೂ ಕೊಡಿಸಿರಿ. ಆದರೆ ಅವರು ಬರೆದುದನ್ನು ಅಳೆಯುವ ಮೊದಲು ಒಮ್ಮೆ ಕಣ್ತುಂಬ ನೋಡಿರಿ.