ಆಕಾಶ್ ಮಿಶ್ರಾ ಬೆಳೆದರೇ, ನಿಂತರೇ? ಹೈದರಾಬಾದ್ ರೂಪಿಸಿದ ಡಿಫೆಂಡರ್‌ ಅನ್ನು ಅಳೆಯುವ ಕಷ್ಟ

2022ರ ಮಾರ್ಚ್ 20ರ ರಾತ್ರಿ ಗೋವಾದ ಫತೋರ್ಡಾ ಮೈದಾನದಲ್ಲಿ ಹೈದರಾಬಾದ್ ಎಫ್‌ಸಿ ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗ್ ಚಾಂಪಿಯನ್ ಆಯಿತು. ಆ ಫೈನಲ್ ನೋಡಿದವರಿಗೆ ಇಂದಿಗೂ ನೆನಪಿರುವುದು ಎರಡು ಸಂಗತಿ. 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ಹೊಡೆದ ಸಮಬಲದ ಗೋಲು ಒಂದು. ಪೆನಾಲ್ಟಿ ಶೂಟೌಟ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ನ ಮೂರು ಹೊಡೆತಗಳನ್ನು ತಡೆದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಇನ್ನೊಂದು. ಅದೇ ಪಂದ್ಯದಲ್ಲಿ ಎಡಬದಿಯಲ್ಲಿ ಓಡುತ್ತಿದ್ದ 20ರ ಹರೆಯದ ಲೆಫ್ಟ್ ಬ್ಯಾಕ್ ಏನು ಮಾಡಿದರು ಎಂದು ಕೇಳಿದರೆ ಬಹುತೇಕರ ಬಳಿ ಉತ್ತರವಿರದು.

ಆ ಹುಡುಗ ಆಕಾಶ್ ಮಿಶ್ರಾ. ಡಿಫೆಂಡರ್‌ ಒಬ್ಬನ ಆಟ ಯಾರಿಗೂ ನೆನಪಿಲ್ಲ ಎಂದರೆ ಅವನು ಬಹುಪಾಲು ಕೆಲಸ ಸರಿಯಾಗಿಯೇ ಮಾಡಿದ್ದಾನೆ ಎಂದರ್ಥ. ತಪ್ಪು ಮಾಡಿದ್ದರೆ ಅದರ ವಿಡಿಯೊ ತುಣುಕು ಮರುದಿನ ಬೆಳಿಗ್ಗೆಯೇ ಎಲ್ಲರ ಮೊಬೈಲ್‌ನಲ್ಲಿ ಇರುತ್ತಿತ್ತು.

ಈಗ ಆಕಾಶ್‌ಗೆ 24ರ ಹರೆಯ. ಅವರನ್ನು ಬೆಳೆಸಿದ ಹೈದರಾಬಾದ್ ಎಫ್‌ಸಿ 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೊಸ ಹೆಸರು ಪಡೆದಿದೆ. ಐದು ವರ್ಷಗಳ ಹಿಂದೆ ‘ಭಾರತದ ಮುಂದಿನ ಹತ್ತು ವರ್ಷಗಳ ಲೆಫ್ಟ್ ಬ್ಯಾಕ್’ ಎಂದು ಅಭಿಮಾನಿಗಳು ಲೆಕ್ಕ ಹಾಕಿದ್ದ ಆಟಗಾರನ ಬಗ್ಗೆ ಈಗ ಬೇರೆಯದೇ ಪ್ರಶ್ನೆ ಏಳುತ್ತಿದೆ. ಬೆಳವಣಿಗೆ ನಿಂತಿತೇ? ಹಾಗೆ ಕೇಳುವವರು ಯಾವ ಅಳತೆಗೋಲು ಹಿಡಿದು ಕೇಳುತ್ತಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

39ರಿಂದ 19ಕ್ಕೆ

ಉತ್ತರ ಪ್ರದೇಶದ ಬಲರಾಂಪುರದಲ್ಲಿ 2001ರ ನವೆಂಬರ್ 27ರಂದು ಹುಟ್ಟಿದ ಆಕಾಶ್, ಹದಿಹರೆಯದಲ್ಲಿ ಯು ಡ್ರೀಮ್ ಫುಟ್‌ಬಾಲ್ ಯೋಜನೆಯಡಿ ಜರ್ಮನಿಯಲ್ಲಿ ತರಬೇತಿ ಪಡೆದರು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಇಂಡಿಯನ್ ಆ್ಯರೋಸ್ ತಂಡ ಸೇರಿದರು. ಕಿರಿಯರಿಗೆ ಪಂದ್ಯದ ಅನುಭವ ಸಿಗಲಿ ಎಂಬ ಒಂದೇ ಉದ್ದೇಶಕ್ಕೆ ಐ-ಲೀಗ್‌ನಲ್ಲಿ ಆಡಿಸುತ್ತಿದ್ದ ತಂಡ ಅದು. ಸೋಲುವುದು ಅಲ್ಲಿ ಮಾಮೂಲು. ಡಿಫೆಂಡರ್‌ಗಳಿಗಂತೂ ಪ್ರತಿ ಪಂದ್ಯದಲ್ಲೂ 90 ನಿಮಿಷ ಕೈತುಂಬ ಕೆಲಸ.

2020ರಲ್ಲಿ ಅವರು ಹೈದರಾಬಾದ್ ಸೇರಿದಾಗ ಕ್ಲಬ್‌ನ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. 2019–20ರ ಮೊದಲ ಸೀಸನ್‌ನಲ್ಲಿ 18 ಪಂದ್ಯಗಳಲ್ಲಿ 39 ಗೋಲು ಬಿಟ್ಟುಕೊಟ್ಟು, 10 ಅಂಕಗಳೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ತಂಡ ಕಟ್ಟುವ ಹೊಣೆ ಹೊತ್ತಿದ್ದ ಆಲ್ಬರ್ಟ್ ರೋಕಾ (ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಇವರ ಪರಿಚಯ ಬೇಡ) ಸೀಸನ್ ಶುರುವಾಗುವ ಮುನ್ನವೇ ಬಾರ್ಸಿಲೋನಾಕ್ಕೆ ಹೊರಟರು. ಅವರ ಜಾಗಕ್ಕೆ ಸ್ಪೇನ್‌ನ ಮನೋಲೊ ಮಾರ್ಕ್ವೆಜ್ ಬಂದರು. ಕಿರಿಯ ಆಟಗಾರರನ್ನು ಹುಡುಕಿ ತರುವುದರಲ್ಲಿ ಹೆಸರಾದ ತಾಂಗ್‌ಬೋಯ್ ಸಿಂಗ್ಟೊ ಸಹಾಯಕ ಕೋಚ್ ಆಗಿದ್ದರು.

ಸೀಸನ್ ಆರಂಭವಾದಾಗ ಆಕಾಶ್‌ಗೆ 19 ತುಂಬಲು ಕೆಲವೇ ದಿನ ಬಾಕಿ ಇತ್ತು. ಮಾರ್ಕ್ವೆಜ್ ಅವರನ್ನು ಬೆಂಚ್‌ನಲ್ಲಿ ಕೂರಿಸಿ ಕಾಯಿಸಲಿಲ್ಲ. ಎಡಬದಿಯಲ್ಲಿ ಆಕಾಶ್, ಬಲಬದಿಯಲ್ಲಿ ಆಶಿಶ್ ರೈ, ಮಧ್ಯದಲ್ಲಿ ಮಣಿಪುರದ ಚಿಂಗ್ಲೆನ್‌ಸಾನಾ ಸಿಂಗ್ ಮತ್ತು ಒಬ್ಬ ವಿದೇಶಿ ಸ್ಟಾಪರ್. ಈ ಸಾಲನ್ನು ಕೋಚ್ ಆದಷ್ಟು ಕದಲಿಸಲೇ ಇಲ್ಲ. ಆ ಸೀಸನ್‌ನ 20 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟ ಗೋಲು 19. ಹಿಂದಿನ ವರ್ಷ ಪಂದ್ಯಕ್ಕೆ ಎರಡಕ್ಕಿಂತ ಹೆಚ್ಚಿದ್ದ ಸರಾಸರಿ ಒಂದಕ್ಕಿಂತ ಕೆಳಗಿಳಿಯಿತು. 11 ಡ್ರಾಗಳೊಂದಿಗೆ ಐದನೇ ಸ್ಥಾನ ಪಡೆದ ತಂಡ ಸೆಮಿಫೈನಲ್ ತಲುಪಲಿಲ್ಲ ನಿಜ. ಆದರೆ ಹಿಂದಿನ ಸಾಲು ಗಟ್ಟಿಯಾಗಿತ್ತು.

ಮುಂದಿನ ವರ್ಷ 20 ಲೀಗ್ ಪಂದ್ಯಗಳಲ್ಲಿ 23 ಗೋಲು, 2022–23ರಲ್ಲಿ 16. ಈ ಅಂಕಿಗಳನ್ನು ಆಕಾಶ್ ಒಬ್ಬರ ಖಾತೆಗೆ ಬರೆಯುವುದು ತಪ್ಪು. ಕಟ್ಟಿಮನಿ ಇದ್ದರು. ಬೆಂಗಳೂರು ಎಫ್‌ಸಿಯಲ್ಲಿ ವರ್ಷಗಟ್ಟಲೆ ಆಡಿ ಬಂದ ಜುವಾನನ್ ಇದ್ದರು. ಎದುರಾಳಿ ಅರ್ಧದಲ್ಲಿ ಚೆಂಡು ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಮಿಡ್‌ಫೀಲ್ಡ್ ಇತ್ತು. 2021–22ರಲ್ಲಿ 18 ಗೋಲು ಹೊಡೆದ ಬಾರ್ತಲೋಮ್ಯೂ ಒಗ್ಬೆಚೆ ಮುಂದಿದ್ದಾಗ ಎದುರಾಳಿಗಳು ನಿಶ್ಚಿಂತೆಯಿಂದ ಮುನ್ನುಗ್ಗುವಂತಿರಲಿಲ್ಲ. ಗೋಲು ಬಿಟ್ಟುಕೊಟ್ಟ ಲೆಕ್ಕ ತಂಡದ್ದು. ಒಬ್ಬನ ಬೆಳವಣಿಗೆ ಅಳೆಯಲು ಅದೊಂದೇ ಸಾಲದು.

ಪ್ರಶಸ್ತಿ ಯಾರಿಗೆ ಸಿಕ್ಕಿತು?

2021–22ರ ಐಎಸ್‌ಎಲ್ ಉದಯೋನ್ಮುಖ ಆಟಗಾರ ಪ್ರಶಸ್ತಿ ಬೆಂಗಳೂರು ಎಫ್‌ಸಿಯ ರೋಶನ್ ಸಿಂಗ್ ಪಾಲಾಯಿತು. ಅವರೂ ಎಡಬದಿಯ ಆಟಗಾರ. ಆದರೆ ಅವರ ಗುರುತು ಬೇರೆ: ಕಾರ್ನರ್, ಫ್ರೀಕಿಕ್, ಗೋಲಾಗುವ ಕ್ರಾಸ್. ಕಂಠೀರವದ ಅಭಿಮಾನಿಗಳು ಮೆಚ್ಚಿದ್ದೂ ಅದನ್ನೇ. ರೋಶನ್‌ಗೆ ಪ್ರಶಸ್ತಿ ಸಲ್ಲಬಾರದಿತ್ತು ಎಂದಲ್ಲ. ಒಂದೇ ಜಾಗದ ಇಬ್ಬರು ಹುಡುಗರಲ್ಲಿ ಒಬ್ಬನ ಕೆಲಸ ಸ್ಕೋರ್‌ಶೀಟ್‌ನಲ್ಲಿ ದಾಖಲಾಗುತ್ತದೆ, ಇನ್ನೊಬ್ಬನದು ಆಗುವುದಿಲ್ಲ. ಎದುರಾಳಿ ವಿಂಗರ್ ತನ್ನ ಬದಿ ಬಿಟ್ಟು ಆಚೆ ಬದಿಗೆ ಹೋಗಿ ಆಡುವಂತೆ ಮಾಡಿದ್ದಕ್ಕೆ ಯಾವ ಕಾಲಂನಲ್ಲೂ ಅಂಕವಿಲ್ಲ.

ಆಕಾಶ್‌ಗೆ ಮನ್ನಣೆ ಒಂದು ವರ್ಷ ತಡವಾಗಿ ಬಂತು. 2022–23ರ ಎಐಎಫ್‌ಎಫ್ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವರದಾಯಿತು. ಆ ಹೊತ್ತಿಗೆ ಅವರು ರಾಷ್ಟ್ರೀಯ ತಂಡಕ್ಕೆ ಪದಾರ್ಪಣೆ ಮಾಡಿ ಎರಡು ವರ್ಷ ಕಳೆದಿತ್ತು! 2021ರ ಮಾರ್ಚ್ 25ರಂದು ದುಬೈನಲ್ಲಿ ಒಮಾನ್ ವಿರುದ್ಧ 1–1ರ ಡ್ರಾ ಪಂದ್ಯದಲ್ಲಿ ಕೋಚ್ ಇಗೊರ್ ಸ್ಟಿಮಾಚ್ ಒಟ್ಟಿಗೆ 10 ಹೊಸಬರಿಗೆ ಅವಕಾಶ ಕೊಟ್ಟಿದ್ದರು. ಅವರಲ್ಲಿ ಆಕಾಶ್ ಮತ್ತು ಚಿಂಗ್ಲೆನ್‌ಸಾನಾ ಇಬ್ಬರೂ ಇದ್ದರು. ನಾಲ್ಕು ದಿನಗಳ ನಂತರ ಯುಎಇ ಎದುರು ಭಾರತ 0–6ರಿಂದ ಸೋತಿತು. ಕ್ಲಬ್ ಆಟಕ್ಕೂ ಅಂತರರಾಷ್ಟ್ರೀಯ ಆಟಕ್ಕೂ ಇರುವ ಅಂತರ ಎಷ್ಟೆಂಬುದು ಆ ಒಂದೇ ವಾರದಲ್ಲಿ ಗೊತ್ತಾಗಿತ್ತು.

ಡಿಫೆಂಡರ್‌ಗಳನ್ನು ಅಳೆಯುವ ಈ ಗೊಂದಲ ಫುಟ್‌ಬಾಲ್‌ನಲ್ಲಷ್ಟೇ ಇಲ್ಲ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ‘ಪ್ಲಸ್-ಮೈನಸ್’ ಎಂಬ ಲೆಕ್ಕವಿದೆ. ಆಟಗಾರ ಮಂಜಿನ ಅಂಗಳದಲ್ಲಿರುವಾಗ ಅವನ ತಂಡ ಗೋಲು ಹೊಡೆದರೆ ಪ್ಲಸ್, ಬಿಟ್ಟುಕೊಟ್ಟರೆ ಮೈನಸ್. ಕೇಳಲು ಸರಳ. ಆದರೆ ಎದುರಾಳಿಯ ಅತ್ಯುತ್ತಮ ದಾಳಿಕೋರರ ಎದುರು ಸದಾ ಇಳಿಯುವ ಡಿಫೆಂಡರ್‌ಗೆ ಮೈನಸ್ ಬೀಳುತ್ತದೆ, ಸುಲಭದ ಹೊತ್ತಿನಲ್ಲಿ ಇಳಿಯುವವನಿಗೆ ಪ್ಲಸ್ ಸಿಗುತ್ತದೆ. ಅವಸರದ ತೀರ್ಮಾನದ ದುಬಾರಿ ಉದಾಹರಣೆಯೂ ಅಲ್ಲೇ ಇದೆ. 1996ರಲ್ಲಿ 56ನೆಯವನಾಗಿ ಆಯ್ಕೆಯಾದ ಸ್ಲೊವಾಕಿಯಾದ ಜ್ದೆನೊ ಚಾರಾ ಅವರನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ 2001ರಲ್ಲಿ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. 2009ರಲ್ಲಿ, 32ನೇ ವಯಸ್ಸಿನಲ್ಲಿ, ಅವರು ಎನ್‌ಎಚ್‌ಎಲ್‌ನ ಶ್ರೇಷ್ಠ ಡಿಫೆಂಡರ್‌ಗೆ ಸಲ್ಲುವ ನಾರಿಸ್ ಟ್ರೋಫಿ ಗೆದ್ದರು. ಫಾರ್ವರ್ಡ್ ಆಟಗಾರ 20ರಲ್ಲೇ ಮಿಂಚಬಹುದು. ಎದುರಾಳಿಯ ಮುಂದಿನ ನಡೆ ಊಹಿಸಿ ಆಡಬೇಕಾದವನಿಗೆ ಆ ಊಹೆ ಪಳಗಲು ವರ್ಷಗಳು ಬೇಕು.

ಫುಲ್ ಬ್ಯಾಕ್ ಜಾಗದ ಗುಟ್ಟು

ಐಎಸ್‌ಎಲ್‌ನಲ್ಲಿ ಆಕಾಶ್‌ಗೆ ಅಷ್ಟು ಬೇಗ ಜಾಗ ಸಿಕ್ಕಿದ್ದಕ್ಕೆ ಪ್ರತಿಭೆಯ ಜತೆಗೆ ಇನ್ನೊಂದು ಕಾರಣವಿದೆ. 2021–22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರಿಗಷ್ಟೇ ಅವಕಾಶ. ಅದಕ್ಕೂ ಮುಂಚೆ ಐವರಿಗಿತ್ತು. ಆ ನಾಲ್ಕು ಜಾಗಗಳನ್ನು ಕ್ಲಬ್‌ಗಳು ಸಾಮಾನ್ಯವಾಗಿ ಸ್ಟ್ರೈಕರ್, ಮಿಡ್‌ಫೀಲ್ಡರ್ ಮತ್ತು ಒಬ್ಬ ಸ್ಟಾಪರ್‌ಗೆ ಬಳಸುತ್ತವೆ. ಎಡ–ಬಲದ ಫುಲ್ ಬ್ಯಾಕ್ ಜಾಗ ಭಾರತೀಯರಿಗೆ ಉಳಿಯುತ್ತದೆ. ಹಾಗಾಗಿ ಕಿರಿಯ ಫುಲ್ ಬ್ಯಾಕ್‌ಗೆ ಬೇಗ ಅವಕಾಶ ಸಿಗುತ್ತದೆ. ಆದರೆ ಒಮ್ಮೆ ನೆಲೆಯೂರಿದ ಮೇಲೆ ಅವನ ಜಾಗಕ್ಕೆ ಕಣ್ಣಿಟ್ಟು ಬೆನ್ನಟ್ಟುವವರು ಕಡಿಮೆ. 19ರಲ್ಲಿ ವರವಾದ ವ್ಯವಸ್ಥೆಯೇ 23ರಲ್ಲಿ ಬೆಳವಣಿಗೆಗೆ ತೊಡಕಾಗಬಹುದು.

ಈ ಹಿನ್ನೆಲೆಯಲ್ಲಿ ನೋಡಿದರೆ 2023ರಲ್ಲಿ ಆಕಾಶ್ ಮುಂಬೈ ಸಿಟಿಗೆ ಹೋದದ್ದು ಸರಿಯಾದ ನಡೆಯೇ. ಹೈದರಾಬಾದ್ ಅಷ್ಟೊತ್ತಿಗೆ ಆರ್ಥಿಕ ಸಂಕಷ್ಟದ ದಾರಿ ಹಿಡಿದಿತ್ತು. ಮುಂಬೈ ಆಗಷ್ಟೇ ಲೀಗ್ ಶೀಲ್ಡ್ ಗೆದ್ದು ಏಷ್ಯನ್ ಚಾಂಪಿಯನ್ಸ್ ಲೀಗ್‌ಗೆ ಸಜ್ಜಾಗಿತ್ತು. ಅಲ್ಲಿ ಅಲ್ ಹಿಲಾಲ್‌ನಂತಹ ತಂಡಗಳ ಎದುರು ಮುಂಬೈ ಆರೂ ಗುಂಪು ಪಂದ್ಯ ಸೋತಿತು. 2024ರ ಮೇ 4ರಂದು ಮೋಹನ್ ಬಾಗಾನ್ ವಿರುದ್ಧ 3–1ರಿಂದ ಗೆದ್ದು ಐಎಸ್‌ಎಲ್ ಕಪ್ ಎತ್ತಿತು. ಇವೆರಡರ ನಡುವೆ ಕತಾರ್‌ನಲ್ಲಿ ಏಷ್ಯನ್ ಕಪ್. ಆಕಾಶ್ ಇದ್ದ ಭಾರತ ತಂಡ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರಕ್ಕೂ ಸೋತು, ಒಂದೂ ಗೋಲು ಹೊಡೆಯದೆ ಮರಳಿತು.

‘ಆಕಾಶ್ ನಿಂತರು’ ಎಂಬ ಮಾತು ಹುಟ್ಟಿದ್ದು ಈ ಅವಧಿಯಲ್ಲೇ. ಹೈದರಾಬಾದ್‌ನಲ್ಲಿ ಮೂರು ವರ್ಷ ಅವರಿಗೆ ಕೋಚ್ ಬದಲಾಗಲಿಲ್ಲ, ಆಟದ ಪದ್ಧತಿ ಬದಲಾಗಲಿಲ್ಲ, ಪಕ್ಕದ ಸ್ಟಾಪರ್ ಎಲ್ಲಿ ನಿಲ್ಲುತ್ತಾನೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತಿತ್ತು. ಅಂಥ ಕಡೆ ಬೆಳವಣಿಗೆಯ ಗೆರೆ ನೇರವಾಗಿ ಮೇಲೇರಿದಂತೆ ಕಾಣುತ್ತದೆ. ಆಮೇಲೆ ಎದುರಾಳಿಯ ಮಟ್ಟ ಏಕಾಏಕಿ ಏರಿತು, ಜತೆಗಾರರು ಬದಲಾದರು. ಪರೀಕ್ಷೆಯ ಪತ್ರಿಕೆ ಕಠಿಣವಾದಾಗ ಅಂಕ ಇಳಿದರೆ ವಿದ್ಯಾರ್ಥಿ ದಡ್ಡನಾದ ಎನ್ನಲಾಗದು.

ಹಾಗೆಂದು ಎಲ್ಲಕ್ಕೂ ಪರಿಸ್ಥಿತಿಯನ್ನೇ ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಆಕಾಶ್ ಅವರ ಓಟ, ದಣಿಯದ ದೇಹ, ಒಬ್ಬರ ಎದುರು ಒಬ್ಬರು ನಿಂತಾಗಿನ ಟ್ಯಾಕಲ್ ಮೊದಲ ಸೀಸನ್‌ನಿಂದಲೂ ಮೆಚ್ಚುಗೆ ಪಡೆದ ಗುಣಗಳು. ಆಗಲೂ ಕೊರತೆ ಎನಿಸಿದ್ದು ಮುಂದೆ ಓಡಿಹೋದ ಮೇಲಿನ ಕೊನೆಯ ಪಾಸ್. ಐದು ವರ್ಷಗಳ ನಂತರವೂ ಆ ದೂರು ಪೂರ್ತಿ ಹೋಗಿಲ್ಲ. ಕಿರಿಯ ಡಿಫೆಂಡರ್ ತಪ್ಪು ಮಾಡುವುದು ಸಹಜ. ಹೊಸ ಮಟ್ಟದ ಆಟದಲ್ಲಿ ಹೊಸ ತಪ್ಪು ಮಾಡುತ್ತಿದ್ದರೆ ಕಲಿಯುತ್ತಿದ್ದಾನೆ ಎನ್ನಬಹುದು. ಹಳೆಯ ತಪ್ಪೇ ಮರುಕಳಿಸುತ್ತಿದ್ದರೆ ಚಿಂತಿಸಬೇಕು. ಆಕಾಶ್ ವಿಷಯದಲ್ಲಿ ಎರಡೂ ಇದೆ. ರಕ್ಷಣೆಯಲ್ಲಿ ಮೊದಲನೆಯದು, ದಾಳಿಯಲ್ಲಿ ಎರಡನೆಯದು. ರಾಷ್ಟ್ರೀಯ ತಂಡದಲ್ಲಿ ಅನುಭವಿ ಸುಭಾಷಿಷ್ ಬೋಸ್ ಜತೆ ಅದೇ ಜಾಗಕ್ಕೆ ಪೈಪೋಟಿ ಇರುವುದರಿಂದ ಈ ಕೊರತೆ ಹೆಚ್ಚು ಎದ್ದು ಕಾಣುತ್ತದೆ.

ರಹೀಂ ಸಾಹೇಬರ ಊರು

ಡಿಫೆಂಡರ್‌ಗಳನ್ನು ಅಳೆಯುವ ಕಣ್ಣು ಹೈದರಾಬಾದ್‌ಗೆ ಹೊಸದಲ್ಲ. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿ ಬೆಳೆಸಿದ ಸೈಯದ್ ಅಬ್ದುಲ್ ರಹೀಂ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಪೆಟ್ಟು ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಆಗಿ ಆಡಿಸಿದರು. ದಕ್ಷಿಣ ಕೊರಿಯಾ ಎದುರಿನ ಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು, ಭಾರತ 2–1ರಿಂದ ಚಿನ್ನ ಗೆದ್ದಿತು. 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದ್‌ನವರೇ, ಡಿಫೆಂಡರ್.

ಇಂಥ ಊರಿನ ಜನರಿಗೆ ಆಕಾಶ್ ಆಟ ಕಣ್ಣಾರೆ ನೋಡಲು ಸಿಕ್ಕಿದ್ದು ಒಂದೇ ಸೀಸನ್. ಕೋವಿಡ್ ಕಾರಣಕ್ಕೆ 2020–21 ಮತ್ತು 2021–22ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು. ತವರಿನ ತಂಡ ಚಾಂಪಿಯನ್ ಆದದ್ದನ್ನೂ ಹೈದರಾಬಾದಿಗಳು ಹೆಚ್ಚಾಗಿ ಟಿವಿಯಲ್ಲೇ ಕಂಡರು. 2022–23ರಲ್ಲಿ ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣಕ್ಕೆ ತಂಡ ಮರಳಿ, 42 ಅಂಕಗಳೊಂದಿಗೆ ಎರಡನೇ ಸ್ಥಾನ ಗಳಿಸಿತು. ಮರುವರ್ಷ ಸಂಬಳ ಬಾಕಿ, ಹೊಸ ಆಟಗಾರರ ನೋಂದಣಿಗೆ ನಿಷೇಧ, ಆಟಗಾರರ ವಲಸೆ. ಇಡೀ ಸೀಸನ್‌ಗೆ ಒಂದೇ ಗೆಲುವು, 8 ಅಂಕ.

ಆ ಹಿಂದಿನ ಸಾಲು ಚದುರಿತು. ಆಶಿಶ್ ರೈ 2022ರಲ್ಲೇ ಕೋಲ್ಕತ್ತಕ್ಕೆ ಹೋಗಿದ್ದರು. ಅವರ ಬದಲಿಗೆ ವಿಂಗರ್‌ನಿಂದ ರೈಟ್ ಬ್ಯಾಕ್ ಆಗಿ ಮಾರ್ಪಟ್ಟ ನಿಖಿಲ್ ಪೂಜಾರಿ ಮತ್ತು ಚಿಂಗ್ಲೆನ್‌ಸಾನಾ 2024ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ವಿಂಗರ್‌ನನ್ನು ಡಿಫೆಂಡರ್ ಮಾಡಿ ರಾಷ್ಟ್ರೀಯ ತಂಡದವರೆಗೆ ತಲುಪಿಸಿದ್ದು ಮಾರ್ಕ್ವೆಜ್ ಅವರ ಇನ್ನೊಂದು ಸಾಧನೆ. 2023ರ ಜುಲೈನಲ್ಲಿ ಕಂಠೀರವದಲ್ಲಿ ಕುವೈತ್ ಮಣಿಸಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲಿ ನಿಖಿಲ್, ಆಕಾಶ್ ಇಬ್ಬರೂ ಇದ್ದರು.

ಆಕಾಶ್‌ಗೆ ಇನ್ನೂ ವಯಸ್ಸಿದೆ. ಮುಂದಿನ ಎರಡು ಸೀಸನ್‌ಗಳಲ್ಲಿ ಅವರ ಕ್ರಾಸ್‌ಗಳು ಸುಧಾರಿಸುತ್ತವೆಯೇ ಎಂಬುದನ್ನು ನೋಡಿ ತೀರ್ಮಾನಿಸಲು ಸಮಯವಿದೆ. ಹೆಚ್ಚು ಆತಂಕ ಹುಟ್ಟಿಸುವುದು ಅವರ ನಂತರದವರ ಸ್ಥಿತಿ. ಹದಿಹರೆಯದಲ್ಲಿ ಅವರನ್ನು ಆಡಿಸಿದ ಇಂಡಿಯನ್ ಆ್ಯರೋಸ್ ತಂಡವನ್ನು ಫೆಡರೇಷನ್ 2022ರಲ್ಲಿ ಮುಚ್ಚಿತು. 19ರಲ್ಲಿ ಒಂದೇ ಜಾಗದಲ್ಲಿ, ಒಬ್ಬರೇ ಕೋಚ್ ಕೈಕೆಳಗೆ ಸತತ ಮೂರು ಸೀಸನ್ ಆಡಿಸಿದ ಕ್ಲಬ್ ಆ ಊರಲ್ಲಿ, ಆ ಹೆಸರಲ್ಲಿ ಈಗಿಲ್ಲ. ಇಂದು ಬಲರಾಂಪುರದಿಂದಲೋ ಬೆಳಗಾವಿಯಿಂದಲೋ ಬರುವ 18ರ ಲೆಫ್ಟ್ ಬ್ಯಾಕ್‌ ಒಬ್ಬನ ಬೆಳವಣಿಗೆ ಅಳೆಯಬೇಕೆಂದರೆ, ಮೊದಲು ಅವನು ಆಡುವ ಪಂದ್ಯಗಳನ್ನು ಹುಡುಕಬೇಕಾದ ಸ್ಥಿತಿ ಇದೆ.