ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮೇಲಿನ ಬಾಜಿ: ದರಗಳ ಲೆಕ್ಕ ಮತ್ತು ಕಾನೂನಿನ ಸ್ಥಿತಿ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಸುತ್ತಮುತ್ತಲ ಗ್ರಾಮಗಳಲ್ಲಿ ಬಾಜಿ ಎಂದೊಡನೆ ನೆನಪಾಗುವುದು ಇಸ್ಪೀಟು, ಕ್ರಿಕೆಟ್ ಮತ್ತು ಚುನಾವಣೆ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಫಲಿತಾಂಶದ ಮೇಲೆ ಬಾಜಿ ಕಟ್ಟಿದ ಸುದ್ದಿ ಪತ್ರಿಕೆಗಳಲ್ಲಿ ವ್ಯಾಪಕವಾಗಿ ಪ್ರಕಟವಾಗಿತ್ತು. ಈಗ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮೇಲೂ ಹಣ ಹೂಡುವಂತೆ ವಿದೇಶಿ ಜಾಲತಾಣಗಳು ಮೊಬೈಲ್ ಮೂಲಕ ಆಹ್ವಾನಿಸುತ್ತಿವೆ. ಆಟವನ್ನೇ ನೋಡಿರದವರಿಗೂ ಅಲ್ಲಿನ ಅಂಕಿಗಳು ಸುಲಭ ಗಳಿಕೆಯಂತೆ ತೋರುವುದರಿಂದ ಅವುಗಳ ಅರ್ಥವನ್ನು ಇಲ್ಲಿ ವಿವರಿಸಲಾಗಿದೆ.

ಗೆಲ್ಲುವ ತಂಡವನ್ನು ಹೆಸರಿಸುವುದು ಸರಳ ಬಾಜಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಂತರದ ಬಾಜಿ. ಬಲಿಷ್ಠ ತಂಡಕ್ಕೆ 6.5 ಅಂಕಗಳ ಹೊರೆ ವಿಧಿಸಿದ್ದರೆ, ಅದು 88-83ರಿಂದ ಗೆದ್ದರೂ ಅಂತರ ಕೇವಲ 5 ಆಗಿರುವುದರಿಂದ ಅದರ ಪರ ಹಣ ಹೂಡಿದವರು ಸೋಲುತ್ತಾರೆ. ಎರಡೂ ತಂಡಗಳ ಒಟ್ಟು ಅಂಕ ನಿಗದಿತ ಸಂಖ್ಯೆಯನ್ನು ಮೀರುವುದೇ ಎಂಬುದರ ಮೇಲೆಯೂ, ಒಬ್ಬ ಆಟಗಾರ ಎಷ್ಟು ಅಂಕ ಗಳಿಸುತ್ತಾನೆ ಎಂಬುದರ ಮೇಲೆಯೂ ಬಾಜಿ ನಡೆಯುತ್ತದೆ.

ದರ 1.90 ಎಂದರೆ 100 ರೂ. ಹೂಡಿ ಗೆದ್ದವರಿಗೆ ಅಸಲು ಸೇರಿ 190 ರೂ. ದೊರೆಯುತ್ತದೆ. ಸಮಬಲದ ಎರಡು ಕಡೆಗೂ ಇದೇ ದರವಿದ್ದಾಗ ನ್ಯಾಯವಾದ ದರ 2.00 ಆಗಬೇಕಿತ್ತು. ಈ ಕೊರತೆಯೇ ಬುಕ್ಕಿಯ ಪಾಲು. ದೀರ್ಘಾವಧಿಯಲ್ಲಿ ಪ್ರತಿ 100 ರೂ.ಗೆ ಸರಾಸರಿ 95 ರೂ. ಮಾತ್ರ ಹಿಂದಿರುಗುತ್ತದೆ. ಮಂಡಿಯ ದಲ್ಲಾಳಿಯೂ ಕಮಿಷನ್ ಹಿಡಿಯುತ್ತಾನೆ, ಆದರೆ ಅಲ್ಲಿ ಮಾಲಾದರೂ ಮಾರಾಟವಾಗುತ್ತದೆ. ಅಂತಹ ಮೂರು ಬಾಜಿಗಳನ್ನು ಒಟ್ಟುಗೂಡಿಸಿದರೆ ದರ 6.86ರಷ್ಟಾಗುತ್ತದೆ, ಇದು ಆಕರ್ಷಕವಾಗಿ ಕಂಡರೂ ನ್ಯಾಯವಾದ ದರ 8. ಹೀಗಾಗಿ ಸರಾಸರಿ ನಷ್ಟ 5 ರೂ.ನಿಂದ 14 ರೂ. ಮೀರುತ್ತದೆ. ದೊಡ್ಡ ಅಕ್ಷರಗಳಲ್ಲಿ ಜಾಹೀರಾತಾಗುವುದು ಸಾಮಾನ್ಯವಾಗಿ ಇಂತಹ ಕೂಡುಬಾಜಿಗಳೇ.

ಆಟದ ಶುದ್ಧತೆಯೂ ಖಚಿತವಲ್ಲ. ಎನ್‌ಬಿಎ ತೀರ್ಪುಗಾರ ಟಿಮ್ ಡೊನಾಘಿ ಬಾಜಿ ಪ್ರಕರಣದಲ್ಲಿ 2007ರಲ್ಲಿ ತಪ್ಪೊಪ್ಪಿಕೊಂಡು, 2008ರಲ್ಲಿ 15 ತಿಂಗಳ ಸೆರೆವಾಸಕ್ಕೆ ಗುರಿಯಾದರು. ಬಾಜಿದಾರರಿಗೆ ಗೋಪ್ಯ ಮಾಹಿತಿ ನೀಡಿ, ಬೇಕೆಂದೇ ಪಂದ್ಯದಿಂದ ಬೇಗ ಹೊರನಡೆದ ಟೊರಾಂಟೊ ತಂಡದ ಆಟಗಾರ ಜಾಂಟೆ ಪೋರ್ಟರ್ ಅವರನ್ನು 2024ರ ಏಪ್ರಿಲ್‌ನಲ್ಲಿ ಆಜೀವ ನಿಷೇಧಿಸಲಾಯಿತು. ಒಬ್ಬನೇ ಆಟಗಾರನ ಅಂಕಗಳ ಮೇಲಿನ ಬಾಜಿಯನ್ನು ಕೆಡಿಸಲು ಒಬ್ಬನೇ ಸಾಕು.

ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ನಿಗದಿತ ಷರತ್ತಿಗೊಳಪಟ್ಟ ಕುದುರೆ ಪಂದ್ಯದ ಬಾಜಿಯನ್ನು ಹೊರತುಪಡಿಸಿ ಬಾಜಿಯು ಜೂಜಿನ ವ್ಯಾಖ್ಯೆಯಲ್ಲಿ ಸೇರಿರುತ್ತದೆ. 2021ರ ತಿದ್ದುಪಡಿಯ ಆನ್‌ಲೈನ್ ಆಟ ಸಂಬಂಧಿತ ಅಂಶಗಳನ್ನು ರಾಜ್ಯ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಅದರಿಂದ ಬಾಜಿಗೆ ಅನುಮತಿ ದೊರೆಯಿತೆಂದು ಭಾವಿಸುವುದು ತಪ್ಪು. ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣದ ಆಟ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂ.ವರೆಗೆ ದಂಡ ಅಥವಾ ಎರಡನ್ನೂ ಇದು ವಿಧಿಸುತ್ತದೆ.

ಭಾರತೀಯ ಕರಾರು ಕಾಯ್ದೆ, 1872ರ 30ನೇ ಪ್ರಕರಣದಂತೆ ಬಾಜಿಯ ಒಪ್ಪಂದ ಅನೂರ್ಜಿತ. ಗೆದ್ದ ಹಣವನ್ನು ಜಾಲತಾಣವು ಕೊಡದಿದ್ದರೆ ಅದನ್ನು ವಸೂಲು ಮಾಡಿಕೊಡುವಂತೆ ನ್ಯಾಯಾಲಯವನ್ನು ಕೋರಲಾಗದು. ಆದರೆ ಬಾಜಿಗಾಗಿ ಅಡವಿಟ್ಟ ಒಡವೆಯ ಸಾಲವನ್ನು ತೀರಿಸಲೇಬೇಕಾಗುತ್ತದೆ. ಇಂತಹ ಆ್ಯಪ್‌ಗಳ ಹೆಸರಿನಲ್ಲಿ ವಂಚನೆಗೊಳಗಾದವರು ವಿಳಂಬ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಬಾಜಿಯ ಚಟದಿಂದ ಮನೋವ್ಯಾಕುಲತೆಗೊಳಗಾದವರಿಗೂ ಅವರ ಕುಟುಂಬದವರಿಗೂ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ಲಭ್ಯವಿರುತ್ತದೆ.