ಇಂದಿರಾನಗರದ ಬಿಸಿನೀರಿಗೆ ಶರಾವತಿಯ ಕಾಡೇಕೆ?

ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿದೆ. ತಲಕಳಲೆಯ ನೀರನ್ನು ಗೇರುಸೊಪ್ಪೆಗೆ ಇಳಿಸಿ ವಿದ್ಯುತ್ ಪಡೆಯುವುದು, ವಿದ್ಯುತ್ ಮಿಗುವ ಹೊತ್ತಿನಲ್ಲಿ ಅದೇ ನೀರನ್ನು ಮೇಲಕ್ಕೆತ್ತುವುದು ಇದರ ಕ್ರಮ. ಜಲಾಶಯಗಳು ಈಗಾಗಲೇ ಇವೆ. ಆದರೆ ಸುರಂಗಕ್ಕೂ ರಸ್ತೆಗೂ ಬೀಳುವುದು ಮಳೆಕಾಡಿನ ಮರಗಳೇ. ಹಗಲಿನ ಸೌರವಿದ್ಯುತ್ತನ್ನು ಕೂಡಿಡಲು ಅನ್ಯಮಾರ್ಗವಿಲ್ಲವೆಂದು ಸಮರ್ಥಕರು ವಾದಿಸುತ್ತಾರೆ. ಇದನ್ನು ಒಪ್ಪುವ ಮುನ್ನ, ಕೂಡಿಟ್ಟ ವಿದ್ಯುತ್ತು ರಾಜಧಾನಿಯ ಯಾವ ನಲ್ಲಿಯಲ್ಲಿ ಹರಿದುಹೋಗುತ್ತದೆಂದು ಕೇಳುವ ಹಕ್ಕು ಮಲೆನಾಡಿಗರಿಗಿದೆ.

ಉತ್ತರದ ಒಂದು ಭಾಗ ಸ್ನಾನದ ಮನೆಯಲ್ಲಿದೆ. ಹಲಸೂರು, ಶಿವಾಜಿನಗರಗಳ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಇಂದಿರಾನಗರದ ಬಿಡಿಮನೆಗಳ ತಾರಸಿಗೆ ಸೌರ ಹೀಟರುಗಳು ಬಂದವು. 2007ರಲ್ಲಿ ಸರ್ಕಾರವೇ ಅವುಗಳನ್ನು ಕಡ್ಡಾಯಗೊಳಿಸಲು ಮುಂದಾಯಿತು. ಆದರೆ ಕೆ.ಆರ್. ಪುರದ ಹತ್ತಂತಸ್ತಿನ ವಸತಿ ಸಮುಚ್ಚಯಕ್ಕೆ ಇರುವುದು ಒಂದೇ ತಾರಸಿ. ಎಲ್ಲ ಮನೆಗಳಿಗೆ ಸಾಕಾಗುವಷ್ಟು ಫಲಕಗಳಿಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಪ್ರತಿ ಸ್ನಾನದ ಮನೆಗೂ ಒಂದೊಂದು ಗೀಸರ್ ಬಂದಿದೆ. ಎಲ್ಲರೂ ಕಚೇರಿಗೆ ಹೊರಡುವ ಬೆಳಗಿನ ಹೊತ್ತಿನಲ್ಲಿ, ಸೂರ್ಯ ಇನ್ನೂ ಏರದಿರುವಾಗ, ಅವೆಲ್ಲವೂ ಒಟ್ಟಿಗೆ ವಿದ್ಯುತ್ ಬೇಡುತ್ತವೆ.

ಇದಕ್ಕೆ ಪರ್ಯಾಯವುಂಟು. ಫ್ರಿಜ್ ತನ್ನೊಳಗಿನ ಶಾಖವನ್ನು ಹೊರಗೆ ದೂಡುವಂತೆ, ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುತ್ತದೆ. ಗೀಸರ್ ಒಂದು ಯೂನಿಟ್ ವಿದ್ಯುತ್ತಿನಿಂದ ಹೆಚ್ಚೆಂದರೆ ಒಂದು ಯೂನಿಟ್ ಶಾಖ ಕೊಡುತ್ತದೆ. ಹೀಟ್ ಪಂಪ್ ಸುಮಾರು ಮೂರು ಯೂನಿಟ್ ಕೊಡುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಅದರ ಕೆಲಸ ಹಗುರ. ಹಿಮ ಬೀಳುವ ನಾಡುಗಳಲ್ಲೇ ಬಳಕೆಯಲ್ಲಿರುವ ಈ ಯಂತ್ರಕ್ಕೆ ಬೆಂಗಳೂರಿನ ಹವೆ ವರದಾನವೇ ಸರಿ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ನೂರು ಜನರಿರುವ ಒಂದು ಪಿ.ಜಿ. ವಸತಿಗೃಹವನ್ನು ಭಾವಿಸೋಣ. ತಲೆಗೆ 25 ಲೀಟರಿನಂತೆ 2,500 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿಮಾಡಲು ಸುಮಾರು 87 ಯೂನಿಟ್ ಶಾಖ ಬೇಕು. ಗೀಸರಿಗೆ ಅಷ್ಟೂ ವಿದ್ಯುತ್ತೇ. ಎರಡು ಕಿಲೋವಾಟಿನ 25 ಗೀಸರುಗಳು ಏಕಕಾಲಕ್ಕೆ ಉರಿದರೆ 50 ಕಿಲೋವಾಟ್ ಹೊರೆ. ಹೀಟ್ ಪಂಪಿಗೆ ಸುಮಾರು 30 ಯೂನಿಟ್ ಸಾಕು. ಅದನ್ನು ನಡುಹಗಲಿನ ಆರು ಗಂಟೆಗಳಲ್ಲಿ ಓಡಿಸಿದರೆ ಹೊರೆ ಐದೇ ಕಿಲೋವಾಟ್! ಕವಚ ಹೊದಿಸಿದ ತೊಟ್ಟಿ ಮರುದಿನ ಬೆಳಗಿನವರೆಗೂ ನೀರನ್ನು ಬಿಸಿಯಾಗಿಡುತ್ತದೆ. ರಾತ್ರಿ ಸೋರುವ ಶಾಖಕ್ಕೆ ಇನ್ನೈದು ಯೂನಿಟ್ ಸೇರಿಸಿದರೂ ಲೆಕ್ಕ ತಲೆಕೆಳಗಾಗದು.

ಮುಖ್ಯವಾದ ಮಾತು ಈ ತೊಟ್ಟಿಯದು. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದ ಮಧ್ಯಾಹ್ನದ ವಿದ್ಯುತ್ತನ್ನು ಶಾಖರೂಪದಲ್ಲಿ ಕೂಡಿಡುವ ಶಕ್ತಿ ಬೆಂಗಳೂರಿನ ಕಟ್ಟಡಗಳಿಗೇ ಇದೆ. ಹೀಗಿರುವಾಗ ಕೂಡಿಡುವ ಹೊಣೆಯನ್ನೆಲ್ಲ ಶರಾವತಿಯ ಮೇಲೆ ಹೇರುವುದು ಯಾವ ನ್ಯಾಯ?

ಬಿಸಿನೀರಿನ ತೊಟ್ಟಿ ಸಂಜೆಯ ದೀಪ ಬೆಳಗಿಸದು, ನಿಜ. ಹೀಟ್ ಪಂಪ್ ದುಬಾರಿ, ಅದರ ಅನಿಲ ಸೋರಿದರೆ ವಾತಾವರಣಕ್ಕೆ ಕೆಡುಕು, ಅದಕ್ಕೆ ನುರಿತ ಮೆಕ್ಯಾನಿಕ್ ಬೇಕು ಎಂಬುದೂ ನಿಜ. ಆದರೆ ಪಂಪ್ಡ್ ಸ್ಟೋರೇಜಿನ ಸಾವಿರಾರು ಕೋಟಿಯ ಮುಂದೆ ಇವು ಪರಿಹಾರವಿಲ್ಲದ ತೊಡಕುಗಳಲ್ಲ. ಅಡಿಕೆ ಸಿಪ್ಪೆ, ದರಕು ಉರಿಸಿ ಹಂಡೆ ಕಾಯಿಸುವ ನಮ್ಮ ಮನೆಗಳಿಗೆ ಈ ಯಂತ್ರದ ಅಗತ್ಯವೂ ಇಲ್ಲ. ಅದು ಬೇಕಾಗಿರುವುದು ಗೀಸರಿನ ನಗರಕ್ಕೆ.

ಇದು ಹೊಸ ವಿಚಾರವೇನಲ್ಲ. ಮೊದಲು ಬೇಡಿಕೆಯನ್ನು ಶೋಧಿಸಿ, ಬಳಕೆಯಲ್ಲಿ ದಕ್ಷತೆ ತನ್ನಿ, ಆಮೇಲೆ ಹೊಸ ಸ್ಥಾವರದ ಮಾತಾಡಿ ಎಂದು ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಹೋದ್ಯೋಗಿಗಳು ಕರ್ನಾಟಕಕ್ಕೆ 1991ರಲ್ಲೇ ಲೆಕ್ಕಸಹಿತ ತೋರಿಸಿದ್ದರು. ಆಳುವವರಿಗೆ ಅದು ರುಚಿಸಲಿಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಆರು ದಶಕ ಅಲೆದಿವೆ. ಅದೇ ಕಣಿವೆಯಿಂದ ಮತ್ತೊಂದು ತ್ಯಾಗವನ್ನು ಕೇಳಲಾಗುತ್ತಿದೆ.

ನಮ್ಮ ಬೇಡಿಕೆ ಸ್ಪಷ್ಟ. ನಗರದ ಹೊಸ ವಸತಿ ಸಮುಚ್ಚಯ, ಪಿ.ಜಿ., ಹೋಟೆಲು, ಆಸ್ಪತ್ರೆಗಳಿಗೆ ಸೌರ ಹೀಟರ್ ಅಥವಾ ತೊಟ್ಟಿಸಹಿತ ಹೀಟ್ ಪಂಪ್ ಕಡ್ಡಾಯವಾಗಲಿ. ನಡುಹಗಲು ನೀರು ಕಾಯಿಸುವವರಿಗೆ ದರದಲ್ಲಿ ರಿಯಾಯಿತಿ ದೊರೆಯಲಿ. ಗೀಸರುಗಳ ಹೊರೆ ಎಷ್ಟೆಂದು ಅಳೆದು ಪ್ರಕಟಿಸುವ ತನಕ ಶರಾವತಿಯ ಒಂದು ಮರಕ್ಕೂ ಕೊಡಲಿ ತಾಗಕೂಡದು. ಈ ಮೂರನ್ನೂ ಪ್ರತಿ ಗ್ರಾಮಸಭೆಯಲ್ಲಿ ನಿರ್ಣಯವಾಗಿ ಮಂಡಿಸೋಣ.